ಕೊನೆ ಗೊತ್ತಿದ್ದರೇನಂತೆ?

2025ರ ಬೇಸಿಗೆ ರಜೆಯಲ್ಲಿ ನಾನು ಉಪ್ಪಿನಕಾಯಿ ಹಾಕುವುದನ್ನೂ ಬಿಟ್ಟು, ಟೀವಿ ಮುಂದೆ ಕೂತು 24 ಕಂತಿನ ಒಂದು ಇಂಗ್ಲಿಷ್ ಧಾರಾವಾಹಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆನೆಂಬ ಸುದ್ದಿ ನಮ್ಮ ಸ್ಟಾಫ್ ರೂಮಿನಲ್ಲಿ ಹೇಗೆ ಹಬ್ಬಿತೋ ಕಾಣೆ. ಶಾಲೆ ತೆರೆದ ದಿನವೇ ಗಣಿತದ ಮೇಷ್ಟ್ರು, "ಏನು ಮೇಡಂ, ರಜೆಯಲ್ಲಿ ರಾಕೆಟ್ ಹತ್ತಿದ್ರಂತೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವುದು ಸುಲಭ, ಉತ್ತರ ಕೊಡುವುದಕ್ಕೆ ಪಿರಿಯಡ್ಡಿನ ಗಂಟೆ ಬಿಡುವುದಿಲ್ಲ. ಅವತ್ತು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ನೋಡಿದ ಧಾರಾವಾಹಿಯ ಹೆಸರು 'ಆಂಡೋರ್'. ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು ಹೇಳಬೇಕು. 1977ರಲ್ಲಿ 'ಸ್ಟಾರ್ ವಾರ್ಸ್' ಎಂಬ ಸಿನಿಮಾ ಬಂತು. ಒಂದು ಗ್ರಹವನ್ನೇ ಪುಡಿಮಾಡಬಲ್ಲ ಭಾರೀ ಯಂತ್ರವನ್ನು ಒಂದು ಸಾಮ್ರಾಜ್ಯ ಕಟ್ಟಿದೆ, ಅದರ ನಕ್ಷೆಯನ್ನು ಬಂಡಾಯಗಾರರು ಕದ್ದಿದ್ದಾರೆ ಎಂಬಲ್ಲಿಂದ ಅದರ ಕಥೆ ಶುರು. ಆ ನಕ್ಷೆ ಕದ್ದವರು ಯಾರು ಎಂದು ಹೇಳುವುದಕ್ಕೆ 2016ರಲ್ಲಿ 'ರೋಗ್ ಒನ್' ಎಂಬ ಇನ್ನೊಂದು ಸಿನಿಮಾ ಮಾಡಿದರು. ಅದರಲ್ಲಿ ಕದ್ದವರೆಲ್ಲ ಸಾಯುತ್ತಾರೆ. ಸತ್ತವರಲ್ಲಿ ಕ್ಯಾಸಿಯನ್ ಆಂಡೋರ್ ಒಬ್ಬ. ಅವನು ಸಾಯುವುದಕ್ಕೆ ಐದು ವರ್ಷ ಮುಂಚೆ ಏನಾಗಿದ್ದ ಎನ್ನುವುದೇ ಈ ಧಾರಾವಾಹಿ. ಮೊದಲ 12 ಕಂತು 2022ರಲ್ಲಿ ಬಂದವು, ಉಳಿದ 12 ಕಂತು 2025ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ರೂಪಿಸಿದವರು ಟೋನಿ ಗಿಲ್ರಾಯ್, ಆಂಡೋರನ ಪಾತ್ರದಲ್ಲಿ ಡಿಯೇಗೊ ಲೂನಾ. ಅಂದರೆ ಸಿನಿಮಾದ ಹಿಂದೊಂದು ಸಿನಿಮಾ, ಅದರ ಹಿಂದೆ ಈ ಧಾರಾವಾಹಿ. ನಮ್ಮ ಮೇಷ್ಟ್ರು ಇದಕ್ಕೆ "ಹಲಸಿನ ಮೇಣ ಎಳೆದ ಹಾಗೆ" ಎಂದರು.

ಅವರ ಮತ್ತು ಅವರ ಜೊತೆಯವರ ಆಕ್ಷೇಪಣೆ ಒಟ್ಟು ಮೂರು. ಒಂದು, ಕೊನೆ ಗೊತ್ತಿರುವ ಕಥೆಯಲ್ಲಿ ನೋಡುವುದೇನಿದೆ? ಎರಡು, ಇದು ಮಕ್ಕಳ ಆಟ, ತಲೆ ನರೆತ ಹೆಂಗಸಿಗೆ ಯಾಕೆ? ಮೂರು, ಇದೆಲ್ಲ ದೊಡ್ಡ ಕಂಪನಿಯ ದುಡ್ಡಿನ ದಂಧೆ.

ಮೊದಲನೆಯದನ್ನು ತೆಗೆದುಕೊಳ್ಳೋಣ. ಈ ಪ್ರಶ್ನೆ ಕೇಳಿದ ಮೇಷ್ಟ್ರು ಪ್ರತಿ ವರ್ಷ ಮೇಳ ಬಂದಾಗ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂರುವವರು. ಕರ್ಣಪರ್ವ ನೋಡಲು ಹೋಗುವಾಗ, ಈ ಸಲ ಕರ್ಣ ಗೆದ್ದರೂ ಗೆಲ್ಲಬಹುದು ಎಂದುಕೊಂಡು ಅವರು ಹೋಗುತ್ತಾರೆಯೇ? ರಥದ ಗಾಲಿ ಹೂಳುತ್ತದೆಂದು ಗೊತ್ತಿದ್ದೇ ಬೆಳಗಿನ ಜಾವದವರೆಗೆ ಕಣ್ಣು ಮುಚ್ಚದೆ ಕೂರುತ್ತಾರೆ. ಸಾಯುವವನೆಂದು ನಮಗೆ ಗೊತ್ತು. ಆದ್ದರಿಂದಲೇ ಅವನು ಆಡುವ ಒಂದೊಂದು ಮಾತಿಗೂ ತೂಕ. ಊರಿನ ಕಥೆಗೆ ಸಲ್ಲುವ ಈ ನ್ಯಾಯ ಹೊರಗಿನ ಕಥೆಗೆ ಸಲ್ಲುವುದಿಲ್ಲವೆಂದರೆ ಅದು ವಿಮರ್ಶೆಯಲ್ಲ, ಹಟ.

ಆದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದೂ ಒಪ್ಪಬೇಕು. ಹಿಂದಿನ ಕಥೆ ಹೇಳುತ್ತೇವೆಂದು ಹೊರಟ ಧಾರಾವಾಹಿಗಳಲ್ಲಿ ಎಡವಿದವೇ ಹೆಚ್ಚು. 2022ರಲ್ಲೇ ಬಂದ 'ಓಬಿ-ವಾನ್ ಕೆನೋಬಿ'ಯನ್ನು ನೋಡಿ. ಅದರಲ್ಲಿ ಹತ್ತು ವರ್ಷದ ಒಬ್ಬ ಹುಡುಗಿಯನ್ನು ಕಳ್ಳರು ಹೊತ್ತೊಯ್ಯುತ್ತಾರೆ, ಅಯ್ಯೋ ಏನಾಗುತ್ತದೋ ಎಂದು ನಾವು ಹೆದರಬೇಕು. ಅದೇ ಹುಡುಗಿ ದೊಡ್ಡವಳಾಗಿ 1977ರ ಸಿನಿಮಾದಲ್ಲಿ ಬಂದೂಕು ಹಿಡಿದು ನಿಂತದ್ದನ್ನು ಲೋಕವೇ ನೋಡಿಯಾಗಿದೆ, ಇನ್ನೆಲ್ಲಿಯ ಹೆದರಿಕೆ? ಇನ್ನೊಂದು, 2001ರಿಂದ 2005ರವರೆಗೆ ಬಂದ 'ಸ್ಟಾರ್ ಟ್ರೆಕ್: ಎಂಟರ್‌ಪ್ರೈಸ್'. 1966ರ ಹಳೆಯ ಧಾರಾವಾಹಿಗೆ ನೂರು ವರ್ಷ ಹಿಂದಿನ ಕಥೆ ಅದು, ನಾಲ್ಕು ವರ್ಷದಲ್ಲಿ 98 ಕಂತು. ಕಟ್ಟಕಡೆಯ ಕಂತಿನಲ್ಲಿ ತನ್ನ ಜನರನ್ನೇ ಬದಿಗೆ ಸರಿಸಿ, 1987ರಲ್ಲಿ ಆರಂಭವಾಗಿದ್ದ ಬೇರೊಂದು ಧಾರಾವಾಹಿಯ ಪಾತ್ರವನ್ನು ತಂದು ನಡುವೆ ಕೂರಿಸಿದರು. ಮದುವೆ ಮನೆಯಲ್ಲಿ ಮದುಮಗಳನ್ನು ಎಬ್ಬಿಸಿ ನೆಂಟರ ಮಗಳನ್ನು ಹಸೆಗೆ ಕೂರಿಸಿದ ಹಾಗಾಯಿತು.

ತಪ್ಪಿರುವುದು ಕೊನೆ ಗೊತ್ತಿರುವುದರಲ್ಲಲ್ಲ, ಕೊನೆ ಗೊತ್ತಿಲ್ಲವೆಂಬಂತೆ ನಟಿಸುವುದರಲ್ಲಿ. 'ಆಂಡೋರ್' ಹಾಗೆ ನಟಿಸುವುದಿಲ್ಲ. ಇವನು ಬದುಕುತ್ತಾನೋ ಸಾಯುತ್ತಾನೋ ಎಂಬ ಪ್ರಶ್ನೆಯನ್ನೇ ಅದು ಕೈಬಿಟ್ಟಿದೆ. ಮೊದಲ ಕಂತಿನಲ್ಲಿ ನಾವು ಕಾಣುವ ಆಂಡೋರ್ ಸಾಲಗಾರ, ಸುಳ್ಳುಗಾರ, ತನ್ನ ಜೀವ ಉಳಿಸಿಕೊಳ್ಳಲು ಒಬ್ಬನಿಗೆ ಗುಂಡಿಕ್ಕುವವನು. ಇಂಥವನು ಪರರಿಗಾಗಿ ಸಾಯುವಷ್ಟು ಬೆಳೆದದ್ದು ಹೇಗೆ? ಕೇಳುವ ಪ್ರಶ್ನೆ ಅದೊಂದೇ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವಳಿಗೆ ಇದಕ್ಕಿಂತ ಬೇಕಾದ ಪ್ರಶ್ನೆ ಇನ್ನೊಂದಿಲ್ಲ.

ಈಗ ಎರಡನೆಯದು, ಮಕ್ಕಳ ಆಟವೆಂಬ ಮಾತು. ವಿಚಿತ್ರವೆಂದರೆ ನನ್ನ ತಮ್ಮನ ಮಗನ ದೂರು ಇದಕ್ಕೆ ತದ್ವಿರುದ್ಧ. ಈ ಧಾರಾವಾಹಿ ಹಾಕಿಕೊಟ್ಟವನು ಅವನೇ. ಎರಡು ಕಂತು ನೋಡಿ ಎದ್ದು ಹೋದ. "ಅತ್ತೆ, ಇದು ತುಂಬಾ ಸ್ಲೋ. ಬೆಳಕಿನ ಕತ್ತಿ ಕಾಳಗಾನೇ ಇಲ್ಲ" ಎಂದ. ಇಲ್ಲ, ನಿಜ. ಮಾಂತ್ರಿಕ ವೀರರು ಇಲ್ಲಿಲ್ಲ. ಇಲ್ಲಿರುವವರು ಗುಜರಿ ಬಿಚ್ಚುವವರು, ಗುಮಾಸ್ತರು, ಮಗನನ್ನು ಹಂಗಿಸುವ ತಾಯಂದಿರು, ಬ್ಯಾಂಕಿನ ಲೆಕ್ಕ ಮುಚ್ಚಿಡಲು ಒದ್ದಾಡುವ ಒಬ್ಬ ಸಂಸದೆ. ನಾನು ಅಂಟಿಕೊಂಡು ಕೂತದ್ದು ಅದಕ್ಕಾಗಿಯೇ.

ಅದರಲ್ಲೊಂದು ಸೆರೆಮನೆ ಬರುತ್ತದೆ. ಆಂಡೋರ್ ಕಡಲದಂಡೆಯಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದಾಗ ಹಿಡಿದು ಆರು ವರ್ಷ ಒಳಗೆ ಹಾಕುತ್ತಾರೆ. ಅಲ್ಲಿ ಕೋಳವಿಲ್ಲ, ಸರಪಳಿಯಿಲ್ಲ. ಕೈದಿಗಳೆಲ್ಲ ಬರಿಗಾಲಲ್ಲಿರಬೇಕು, ನೆಲಕ್ಕೆ ವಿದ್ಯುತ್ ಹರಿಸಬಹುದು, ಅಷ್ಟೇ. ಒಂದು ಕೋಣೆಯಲ್ಲಿ ಏಳು ಮೇಜು, ಮೇಜಿಗೆ ಏಳು ಜನ. ದಿನವಿಡೀ ಯಾವುದೋ ಯಂತ್ರದ ಬಿಡಿಭಾಗ ಜೋಡಿಸಬೇಕು. ಹೆಚ್ಚು ಜೋಡಿಸಿದ ಮೇಜಿನವರ ಊಟಕ್ಕೆ ರುಚಿ ಸೇರುತ್ತದೆ, ಹಿಂದೆ ಬಿದ್ದ ಮೇಜಿಗೆ ವಿದ್ಯುತ್ ಏಟು. ಕೈದಿಗಳು ಕಾವಲುಗಾರರನ್ನು ಮರೆತು ಪಕ್ಕದ ಮೇಜಿನವರನ್ನೇ ದ್ವೇಷಿಸತೊಡಗುತ್ತಾರೆ. ರ‍್ಯಾಂಕು ಪಟ್ಟಿ ಅಂಟಿಸುವ ಶಾಲೆಗಳಲ್ಲಿ ಕೆಲಸ ಮಾಡಿದ ನನಗೆ ಇದು ದೂರದ ಗ್ರಹದ ಸಂಗತಿ ಅನ್ನಿಸಲಿಲ್ಲ.

ಆ ಕೋಣೆಗೆ ಒಬ್ಬ ಮೇಸ್ತ್ರಿ, ಹೆಸರು ಕೀನೋ ಲಾಯ್. ಆಂಡಿ ಸರ್ಕಿಸ್ ಮಾಡಿದ ಪಾತ್ರ. ಅವನೂ ಕೈದಿಯೇ. ಆದರೆ ಉಳಿದವರನ್ನು ಗದರಿಸಿ ದುಡಿಸುವ ಕೆಲಸ ಅವನದು. ಬಿಡುಗಡೆಗೆ ಉಳಿದ ದಿನಗಳ ಲೆಕ್ಕ ಇಟ್ಟುಕೊಂಡಿದ್ದಾನೆ. ಗಲಾಟೆ ಮಾಡದೆ ದಿನ ಕಳೆದರೆ ಮನೆಗೆ ಹೋಗಬಹುದು ಎಂಬುದೇ ಅವನ ಧರ್ಮ. ಪ್ರತಿ ಮಹಡಿಯಲ್ಲಿ ಕಾವಲುಗಾರರು ಎಷ್ಟು ಜನ ಎಂದು ಆಂಡೋರ್ ಪಿಸುಗುಟ್ಟಿ ಕೇಳಿದರೆ ಬಾಯಿ ಬಿಡುವುದಿಲ್ಲ. ಕೆಲವೇ ದಿನ ಉಳಿದಿದ್ದ ಒಬ್ಬ ಮುದುಕ ಕೆಲಸ ಮಾಡುತ್ತಲೇ ಕುಸಿಯುತ್ತಾನೆ. ಅವನನ್ನು ನೋಡಲು ಬಂದ ವೈದ್ಯ, ಅವನೂ ಕೈದಿ, ನಿಜ ಹೇಳುತ್ತಾನೆ. ಬಿಡುಗಡೆಯೆಂದು ಒಂದು ಮಹಡಿಯಿಂದ ಕರೆದೊಯ್ದವನನ್ನು ಇನ್ನೊಂದು ಮಹಡಿಗೆ ತಂದು ಮತ್ತೆ ದುಡಿಸಲು ಹಾಕಿದ್ದರು. ವಿಷಯ ಗೊತ್ತಾಗಿ ಆ ಮಹಡಿಯವರು ಎದ್ದಾಗ ಅಷ್ಟೂ ಜನರನ್ನು ಕೊಂದರು. ಬಿಡುಗಡೆ ಎನ್ನುವುದೇ ಇಲ್ಲ. ಆಗ ಕೀನೋ ಬಾಯಿ ಬಿಡುತ್ತಾನೆ. ಯಾವತ್ತೂ ಹನ್ನೆರಡಕ್ಕಿಂತ ಹೆಚ್ಚು ಕಾವಲುಗಾರರು ಇರುವುದಿಲ್ಲ ಎಂದು.

ಆ ಕಂತು ಮುಗಿದ ಮೇಲೆ ನಾನು ಟೀವಿ ಆರಿಸಿ ಅಡಿಗೆಮನೆಯಲ್ಲಿ ಬಹಳ ಹೊತ್ತು ಕೂತಿದ್ದೆ. ಯಾಕೆಂದು ಹೇಳಿಬಿಡುತ್ತೇನೆ.

ಹನ್ನೆರಡು ವರ್ಷದ ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಗೆ ನೂರಕ್ಕೆ ನೂರು ಫಲಿತಾಂಶ ಬರಲೇಬೇಕೆಂದು ಮೇಲಿನಿಂದ ಮಾತು ಬಂತು. ಅದಕ್ಕೊಂದು ಸುಲಭದ ದಾರಿಯಿತ್ತು. ಒಂಬತ್ತನೆಯ ತರಗತಿ ಮುಗಿಯುತ್ತಲೇ ಪಾಸಾಗಲಾರರೆಂದು ಕಂಡ ಮಕ್ಕಳ ಮನೆಯವರನ್ನು ಕರೆಸಿ, ಟೀಸಿ ತೆಗೆದುಕೊಂಡು ಬೇರೆ ಕಡೆ ಸೇರಿಸಿ ಎಂದು ಒಪ್ಪಿಸುವುದು. ಒಪ್ಪಿಸುವ ಕೆಲಸ ಕ್ಲಾಸ್ ಟೀಚರದು. ಕ್ಲಾಸ್ ಟೀಚರ್ ನಾನು. ಏಳು ಹೆಸರಿನ ಪಟ್ಟಿಯನ್ನು ನನ್ನ ಕೈಬರಹದಲ್ಲಿ, ಕೆಂಪು ಗೆರೆ ಹಾಕಿ, ಅಂದವಾಗಿ ಬರೆದುಕೊಟ್ಟೆ. ಒಬ್ಬ ಹುಡುಗನ ತಾಯಿ, ಗಾರೆ ಕೆಲಸದವಳು, ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. "ನೀವು ಹೇಳಿದ್ರೆ ಸರಿ ಇರ್ತದೆ ಅಕ್ಕಾರೆ" ಎಂದು ಹೆಬ್ಬೆಟ್ಟು ಒತ್ತಿ ಹೋದಳು. ಆಗ ನನಗೆ ಮನೆಸಾಲವಿತ್ತು, ಮಗಳ ಪಿಯುಸಿ ಇತ್ತು, ಸರ್ವಿಸಿಗೆ ಎಷ್ಟು ವರ್ಷ ಬಾಕಿ ಎಂಬ ಲೆಕ್ಕ ನಾಲಿಗೆಯ ತುದಿಯಲ್ಲಿತ್ತು. ಆ ವರ್ಷ ಶಾಲೆಗೆ ನೂರಕ್ಕೆ ನೂರು ಬಂತು. ನನಗೆ ಶಾಲು ಹೊದಿಸಿದರು. ಆ ಶಾಲನ್ನು ಹೊದ್ದುಕೊಂಡು ಫೋಟೋ ತೆಗೆಸಿಕೊಂಡಿದ್ದೇನೆ.

ಕೀನೋ ಲಾಯ್ ನನಗೆ ಯಾಕೆ ಗುರುತು ಸಿಕ್ಕಿದನೆಂದು ಈಗ ನಿಮಗೆ ಗೊತ್ತಾಗಿರಬೇಕು. ಅವನು ಕೆಟ್ಟವನಲ್ಲ, ದಿನ ಎಣಿಸುವವನು. ದಿನ ಎಣಿಸುವವರ ಬಲದ ಮೇಲೆಯೇ ಆ ಸೆರೆಮನೆ ನಿಂತಿತ್ತು. ಕಂತುಗಳು ಮುಗಿದು ಹೆಸರುಗಳೆಲ್ಲ ಸರಿದ ಮೇಲೆ ಒಂದು ಸಣ್ಣ ದೃಶ್ಯ ತೋರಿಸುತ್ತಾರೆ. ಕೈದಿಗಳು ಜೋಡಿಸುತ್ತಿದ್ದ ಭಾಗಗಳು ಗ್ರಹ ಪುಡಿಮಾಡುವ ಆ ಯಂತ್ರಕ್ಕೇ ಹೋಗುತ್ತಿದ್ದವು. ಮುಂದೆ ಆಂಡೋರ್ ಸಾಯುವುದು ಅದೇ ಯಂತ್ರ ಹೊಡೆದ ಹೊಡೆತಕ್ಕೆ. ಕೊನೆ ಗೊತ್ತಿಲ್ಲದವನಿಗೆ ಈ ದೃಶ್ಯದ ಭಾರ ಪೂರ್ತಿ ತಿಳಿಯುವುದಿಲ್ಲ. ಕೊನೆ ಗೊತ್ತಿರುವುದರಿಂದಲೇ ಇದು ಎದೆಗೆ ತಾಗುತ್ತದೆ. ಮೇಷ್ಟ್ರ ಮೊದಲ ಆಕ್ಷೇಪಣೆಗೆ ಇದಕ್ಕಿಂತ ಉತ್ತರ ಬೇಕೆ?

ಎರಡನೆಯ ಭಾಗದಲ್ಲಿ ಘೋರ್ಮನ್ ಎಂಬ ಊರು ಬರುತ್ತದೆ. ಜೇಡದ ರೇಷ್ಮೆಯ ಬಟ್ಟೆಗೆ ಹೆಸರಾದ, ಮರ್ಯಾದಸ್ಥರ ಊರು. ಆ ನೆಲದಡಿಯ ಖನಿಜ ಸಾಮ್ರಾಜ್ಯಕ್ಕೆ ಬೇಕು. ಹಾಗೆಂದು ಹೇಳುವುದಿಲ್ಲ. ಮೊದಲು ಆ ಜನ ಅಹಂಕಾರಿಗಳು ಎಂದು ಸುದ್ದಿ ಬಿತ್ತುತ್ತಾರೆ, ಆಮೇಲೆ ಅವರ ನಡುವೆ ಬಂಡಾಯ ಬೆಳೆಯಲು ತಾವೇ ಎಡೆಮಾಡಿಕೊಡುತ್ತಾರೆ, ಕಡೆಗೆ ಚೌಕದಲ್ಲಿ ಸೇರಿದ ಜನರ ಮೇಲೆ ಗುಂಡು ಹಾರಿಸಿ ತಪ್ಪು ಅವರದೇ ಎನ್ನುತ್ತಾರೆ. ಇದಕ್ಕೆಲ್ಲ ಅರಿಯದೆ ನೆರವಾದವನು ಸಿರಿಲ್ ಎಂಬ ಗುಮಾಸ್ತ. ನಿಯಮವೇ ದೇವರು ಎಂದು ನಂಬಿದ ಯುವಕ, ಸಮವಸ್ತ್ರವನ್ನು ತಾನೇ ತಿದ್ದಿಸಿ ತೊಡುವವನು. ನಿಜ ತಿಳಿಯುವಾಗ ಹೊತ್ತು ಮೀರಿರುತ್ತದೆ. ಶಾಸನಸಭೆಯಲ್ಲಿ ಮಾನ್ ಮಾತ್ಮಾ ಎಂಬ ಸದಸ್ಯೆ ಒಬ್ಬಳೇ ಎದ್ದು, ನಡೆದದ್ದಕ್ಕೆ ಅದರ ಸರಿಯಾದ ಹೆಸರನ್ನು ಇಟ್ಟು, ನರಮೇಧ ಎಂದು ಹೇಳುತ್ತಾಳೆ. ಸಮಾಜ ವಿಜ್ಞಾನ ಕಲಿಸುವ ನಾನು ಜಲಿಯನ್‌ವಾಲಾಬಾಗ್ ಪಾಠ ಮಾಡುವಾಗ ಇಸವಿ, ದಿನಾಂಕ ಬರೆಸಿ ಮುಗಿಸುತ್ತಿದ್ದೆ. 1919ರಲ್ಲಿ ಗುಂಡು ಹಾರಿದ ಮೇಲೆ ಅದನ್ನು ಏನೆಂದು ಕರೆದರು, ಯಾರು ಹಾಗೆ ಕರೆದರು ಎಂಬ ಪ್ರಶ್ನೆಯನ್ನು ಮಕ್ಕಳಿಗೆ ಈಗ ಕೇಳುತ್ತೇನೆ. ಇದು ಮಕ್ಕಳ ಆಟವಾದರೆ ಆಗಲಿ.

ದೋಷಗಳಿಲ್ಲವೇ? ಇವೆ. ಮೊದಲ ಮೂರು ಕಂತು ನಿಧಾನ, ಒಲೆಗೆ ಹಸಿ ಸೌದೆ ಇಟ್ಟ ಹಾಗೆ. ಎರಡನೆಯ ಭಾಗದಲ್ಲಿ ಮೂರು ಕಂತಿಗೊಂದು ವರ್ಷದಂತೆ ನಾಲ್ಕು ವರ್ಷ ಓಡಿಸಿದ್ದಾರೆ, ಎಷ್ಟೋ ಮುಖ್ಯ ಸಂಗತಿ ತೆರೆಯ ಹಿಂದೆಯೇ ನಡೆದುಹೋಗುತ್ತದೆ. ಹಿಂಸೆಯಿದೆ, ಒಬ್ಬ ಹೆಂಗಸಿನ ಮೇಲೆ ಕೈಮಾಡಲು ಬರುವ ದೃಶ್ಯವಿದೆ. ಚಿಕ್ಕ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಡಿ.

ಮೂರನೆಯ ಆಕ್ಷೇಪಣೆ ಉಳಿಯಿತು. ಡಿಸ್ನಿ ಕಂಪನಿ 2012ರಲ್ಲಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಈ ಕಥೆಗಳ ಒಡೆತನ ಕೊಂಡಿತು. ದಬ್ಬಾಳಿಕೆಯ ವಿರುದ್ಧ ಎದ್ದೇಳಿ ಎಂಬ ಮಾತನ್ನು ತಿಂಗಳ ಚಂದಾ ಪಡೆದು ಮಾರುತ್ತದೆ. ಇದರಲ್ಲಿ ವ್ಯಂಗ್ಯವಿದೆ, ಇಲ್ಲವೆನ್ನಲಾರೆ. ಆದರೆ ನಮ್ಮೂರಿನ ಮೇಳಗಳೂ ಟಿಕೆಟ್ಟು ಮಾರಿಯೇ ಆಡಿದವು. ನಾನು ಪಾಠ ಹೇಳುವುದೂ ಸಂಬಳಕ್ಕೇ. ಹೇಳುವವನ ಜೇಬು ತುಂಬಿತು ಎಂದ ಮಾತ್ರಕ್ಕೆ ಹೇಳಿದ್ದು ಸುಳ್ಳಾಗುವುದಾದರೆ ಲೋಕದಲ್ಲಿ ಉಳಿಯುವ ಸತ್ಯ ಬಹಳ ಕಡಿಮೆ. ಕೇಳಿದವರು ಏನು ಮಾಡಿದರು ಎಂದು ನೋಡಬೇಕು.

ನಾನು ಏನು ಮಾಡಿದೆ? ದೊಡ್ಡದೇನೂ ಅಲ್ಲ. ಆ ರಜೆಯ ನಂತರದ ದಿನಗಳಲ್ಲಿ, ಈಗಿನ ಶಾಲೆಯಲ್ಲೂ ಅಂಥದೇ ಒಂದು ಪಟ್ಟಿಯ ಮಾತು ಬಂತು. ನಿವೃತ್ತಿಗೆ ನನಗೆ ಇನ್ನೆರಡು ವರ್ಷ. ಬರೆಯುವುದಿಲ್ಲ ಎಂದೆ. ಗಲಾಟೆಯಾಗಲಿಲ್ಲ, ನೆಲಕ್ಕೆ ವಿದ್ಯುತ್ ಹರಿಯಲಿಲ್ಲ. ಪಟ್ಟಿಯನ್ನು ಬೇರೊಬ್ಬರು ಬರೆದರು. ಐದು ಹೆಸರಿದ್ದವು. ಆ ಐವರ ಮನೆಗೂ ಹೋಗಿ, ಟೀಸಿ ತೆಗೆದುಕೊಳ್ಳಲೇಬೇಕೆಂಬ ನಿಯಮವಿಲ್ಲವೆಂದು ಹೇಳಿ ಬಂದೆ. ಮೂವರು ಉಳಿದರು. ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ಪಾಠಕ್ಕೆ ಕೂರುತ್ತಾರೆ, ಅವರ ಬೀಜಗಣಿತ ನೋಡಿದರೆ ಅಳು ಬರುತ್ತದೆ.

ಗಣಿತದ ಮೇಷ್ಟ್ರನ್ನು ವಾರಕ್ಕೆರಡು ದಿನ ಬಂದು ಹೇಳಿಕೊಡಿ ಎಂದು ಕೇಳಿದ್ದೇನೆ. ಅವರಿನ್ನೂ ಹೂಂ ಅಂದಿಲ್ಲ. ಧಾರಾವಾಹಿ ನೋಡಬೇಕೋ ಬೇಡವೋ ಎಂದು ನೀವು ಕೇಳಿದರೆ ನನ್ನ ಉತ್ತರ ಇಷ್ಟೇ: ನೋಡಿ. ಮೂರು ಕಂತಿನವರೆಗೆ ತಾಳ್ಮೆ ಇರಲಿ. ಪೂರ್ತಿ ಮುಗಿದ ಮೇಲೆ 2016ರ ಸಿನಿಮಾವನ್ನು ನೋಡಿ, ಮೊದಲೇ ನೋಡಿದ್ದರೆ ಇನ್ನೊಮ್ಮೆ ನೋಡಿ. ಅದೇ ಸಾವು, ಆದರೆ ಈ ಸಲ ಸಾಯುವವನು ನಿಮ್ಮ ಪರಿಚಯದವನಾಗಿರುತ್ತಾನೆ.