ಹಸಿರಾಗಿರುವುದೆಲ್ಲ ಕಾಡಲ್ಲ

ಬೋರ್ನಿಯೊದಿಂದ ವಾಪಸ್ ಬಂದ ಮೇಲೆ ಮನೆಯಲ್ಲಿ, ಹಾಸ್ಟೆಲಿನಲ್ಲಿ, ಕ್ಯಾಂಟೀನಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಏನೇನು ಕಾಣ್ತು?’ ನಾನೂ ಉತ್ಸಾಹದಿಂದಲೇ ಪಟ್ಟಿ ಒಪ್ಪಿಸಿದೆ. ಎರಡು ರಾತ್ರಿ, ನಾಲ್ಕು ಸಲ ದೋಣಿ ಸವಾರಿ. ಎಂಟು ಮಂಗಟ್ಟೆ ಹಕ್ಕಿ, ಎರಡು ಮೊಸಳೆ, ಲೆಕ್ಕ ತಪ್ಪುವಷ್ಟು ಉದ್ದಮೂಗಿನ ಕೋತಿಗಳು, ಮರಿಯನ್ನು ಅವಚಿಕೊಂಡ ಒಂದು ತಾಯಿ ಒರಾಂಗುಟಾನ್, ಕೊನೆಯ ಸಂಜೆ ದಡದಲ್ಲಿ ಹುಲ್ಲು ಮೇಯುತ್ತಿದ್ದ ಹನ್ನೊಂದು ಆನೆ. ಕೇಳಿದವರೆಲ್ಲ ‘ಅಬ್ಬಾ, ಎಂಥಾ ಕಾಡಿರಬೇಕು!’ ಎಂದರು.

ನನ್ನ ತಕರಾರಿರುವುದು ಈ ‘ಎಂಥಾ ಕಾಡಿರಬೇಕು’ ಎಂಬ ಮಾತಿನ ಮೇಲೆ. ಎರಡೇ ದಿನದಲ್ಲಿ, ಕುರ್ಚಿ ಬಿಟ್ಟು ಏಳದೆ ನನಗೆ ಅಷ್ಟೆಲ್ಲ ಕಂಡದ್ದಕ್ಕೆ ದೊಡ್ಡ ಕಾರಣ ಅಲ್ಲಿ ಕಾಡು ಉಳಿಯದೇ ಇರುವುದು. ಇದನ್ನು ಅಲ್ಲಿ ದೋಣಿ ನಡೆಸುವವರು ಹೇಳುವುದಿಲ್ಲ, ಟಿಕೆಟ್ ಮಾರುವವರು ಹೇಳುವುದಿಲ್ಲ. ಹೋಗಿಬಂದು ಬರೆಯುವ ನಾವೂ ಹೇಳುವುದಿಲ್ಲ. ನನ್ನ ಜಗಳ ಮುಖ್ಯವಾಗಿ ಈ ಕೊನೆಯವರ ಜೊತೆ.

ಹೋದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ಕನ್ನಡದ ಪ್ರವಾಸ ಕಥನಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮಲೇಷ್ಯಾದ ಸಬಾ ರಾಜ್ಯದ ರಾಜಧಾನಿ ಕೋಟಾ ಕಿನಬಾಲುವಿನಲ್ಲಿ ಒಂದು ವಿಚಾರ ಸಂಕಿರಣಕ್ಕೆ ಪ್ರಬಂಧ ಒಪ್ಪಿಗೆಯಾಯಿತು. ತಿಂಗಳುಗಟ್ಟಲೆ ಬಾಕಿಯಿದ್ದ ಫೆಲೋಶಿಪ್ ಹಣ ಅದೇ ಹೊತ್ತಿಗೆ ಒಟ್ಟಿಗೇ ಬಂತು. ಇನ್ನೊಂದು ಸಲ ಬರುವುದು ಅಷ್ಟರಲ್ಲೇ ಇದೆ ಅಂದುಕೊಂಡು ಸಂಡಕಾನ್‌ಗೆ ವಿಮಾನ ಹತ್ತಿದೆ. ಅಲ್ಲಿಂದ ವ್ಯಾನಿನಲ್ಲಿ ಎರಡು ಗಂಟೆಗೂ ಮೀರಿದ ದಾರಿ, ಕಿನಬಟಾಂಗನ್ ನದಿಯ ದಡದ ಸುಕಾವು ಎಂಬ ಹಳ್ಳಿಗೆ. ಜಾಹೀರಾತಿನಲ್ಲಿ ಇದರ ಹೆಸರು ‘ಮಳೆಕಾಡಿನ ರಿವರ್ ಕ್ರೂಸ್’. ಹತ್ತು ಹನ್ನೆರಡು ಜನ ಕೂರುವ ದೋಣಿ, ಕೊರಳಿಗೆ ಲೈಫ್ ಜಾಕೆಟ್, ಕೈಯಲ್ಲಿ ದುರ್ಬೀನು.

ಕಿನಬಟಾಂಗನ್ ಸಬಾದ ಅತಿ ಉದ್ದದ ನದಿ, 560 ಕಿಲೋಮೀಟರ್. ಕಾಫಿಗೆ ಹಾಲು ಹೆಚ್ಚಾದಂಥ ಬಣ್ಣದ ನೀರು. ಸಂಜೆ ನಾಲ್ಕರ ಹೊತ್ತಿಗೆ ದೋಣಿ ಮೆನಂಗುಲ್ ಎಂಬ ಉಪನದಿಗೆ ತಿರುಗಿತು. ಎರಡೂ ಕಡೆ ಮರಗಳು ನೀರಿಗೆ ಬಾಗಿವೆ. ಉದ್ದಮೂಗಿನ ಕೋತಿಗಳು ರಾತ್ರಿ ಮಲಗುವುದಕ್ಕೆ ನದಿ ದಡದ ಮರಗಳಿಗೇ ಬರುತ್ತವೆ. ಅದು ಅವುಗಳ ಹಳೆಯ ರೂಢಿ. ಹಾಗಾಗಿ ಸಂಜೆಯ ದೋಣಿಗೆ ಅವು ಕಾಣುವುದರಲ್ಲಿ ವಿಶೇಷವೇನೂ ಇಲ್ಲ. ಆದರೆ ಒರಾಂಗುಟಾನ್ ಮತ್ತು ಆನೆಯ ಕತೆ ಬೇರೆ. ನಮ್ಮ ಗೈಡ್ ಅದೇ ಊರಿನ ಹುಡುಗ, ಒರಾಂಗ್ ಸುಂಗೈ ಸಮುದಾಯದವನು. ಆ ಹೆಸರಿನ ಅರ್ಥವೇ ‘ಹೊಳೆಯ ಜನ’. ನನ್ನನ್ನು ‘ಕಾಕ್’ ಎನ್ನುತ್ತಿದ್ದ. ಮಲಯ್ ಭಾಷೆಯಲ್ಲಿ ಅಕ್ಕ ಎಂದು. ತಾಯಿ ಮರಿಗಳನ್ನು ತೋರಿಸಿ ಎಲ್ಲರೂ ಫೋಟೊ ತೆಗೆದು ಮುಗಿದ ಮೇಲೆ, ನಾನು ಕೇಳಿದ್ದಕ್ಕೆ ಮೆಲ್ಲಗೆ ಹೇಳಿದ: ‘ನಮ್ಮ ತಾತ ಹೇಳೋರು ಕಾಕ್, ಅವರ ಕಾಲದಲ್ಲಿ ಇವು ಹೀಗೆ ಸುಲಭಕ್ಕೆ ಕಾಣ್ತಾನೇ ಇರಲಿಲ್ಲವಂತೆ. ಹುಡುಕಿಕೊಂಡು ಒಳಗೆ ಹೋಗಬೇಕಿತ್ತಂತೆ.’

ಈಗ ಹೋಗೋಣವೆಂದರೆ ‘ಒಳಗೆ’ ಎಂಬುದು ಎಲ್ಲಿದೆ? ಮೂರನೆಯ ದಿನ ವಾಪಸ್ ಹೊರಟಾಗ ಹಗಲು ಬೆಳಕಿತ್ತು. ವ್ಯಾನಿನ ಕಿಟಕಿಯ ಎರಡೂ ಬದಿ ತಾಳೆ. ಮೈಲಿಗಟ್ಟಲೆ ತಾಳೆ. ಗುಡ್ಡ ಹತ್ತಿ ಇಳಿದು ಮತ್ತೆ ಗುಡ್ಡ ಹತ್ತುವ, ಒಂದೇ ಎತ್ತರದ, ಒಂದೇ ಅಂತರದ, ಒಂದೇ ಹಸಿರಿನ ಸಾಲು. ಕೆಂಪು ತಾಳೆಗೊನೆ ತುಂಬಿದ ಲಾರಿಗಳು ಎದುರಾದವು. ದೋಣಿಯಲ್ಲಿ ಒಂದೊಂದು ಮರದ ಹೆಸರನ್ನೂ ಹೇಳಿಕೊಡುತ್ತಿದ್ದವರು ವ್ಯಾನಿನಲ್ಲಿ ಸುಮ್ಮನಿದ್ದರು. ಕ್ಯಾಮೆರಾಗಳು ಚೀಲ ಸೇರಿದ್ದವು. ನನ್ನ ಪಕ್ಕದವರು ನಿದ್ದೆ ಹೋಗಿದ್ದರು. ನದಿಯ ಮೇಲೆ ನಾವು ಕಳೆದದ್ದು ಎಂಟೊಂಬತ್ತು ಗಂಟೆ, ಅದನ್ನು ಪ್ರವಾಸ ಎಂದೆವು. ತಾಳೆಯ ನಡುವೆ ಹೋಗಿ ಬಂದದ್ದು ನಾಲ್ಕೂವರೆ ಗಂಟೆ, ಅದಕ್ಕೆ ‘ಟ್ರಾನ್ಸ್‌ಫರ್’ ಎಂದು ಹೆಸರು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. 1950ರ ದಶಕದಿಂದ ಈ ನದಿ ಬಯಲಿನ ದೊಡ್ಡ ಮರಗಳು ಹಡಗು ಹತ್ತಿ ಹೋದವು. 1980ರ ದಶಕದಿಂದ ಆ ಜಾಗಕ್ಕೆ ತಾಳೆ ಬಂತು. ಇವತ್ತು ಸಬಾದಲ್ಲಿ ಸುಮಾರು 15 ಲಕ್ಷ ಹೆಕ್ಟೇರ್ ತಾಳೆ ತೋಟವಿದೆ. ರಾಜ್ಯದ ವಿಸ್ತೀರ್ಣದ ಐದನೇ ಒಂದು ಪಾಲು. 2005ರಲ್ಲಿ ಘೋಷಣೆಯಾದ ಕೆಳ ಕಿನಬಟಾಂಗನ್ ಅಭಯಾರಣ್ಯದ ವಿಸ್ತೀರ್ಣ ಸುಮಾರು 26 ಸಾವಿರ ಹೆಕ್ಟೇರ್, ಅಂದರೆ 260 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ 643. ಅದರ ಅರ್ಧಕ್ಕೂ ಕಡಿಮೆ, ಅದೂ ಒಂದೇ ಕಡೆ ಇಲ್ಲ. ನದಿಯ ಎರಡೂ ಬದಿ ಹತ್ತು ತುಂಡುಗಳಾಗಿ ಚದುರಿದೆ. ನಾನು ದೋಣಿಯಿಂದ ಕಂಡ ‘ದಟ್ಟ ಅರಣ್ಯ’ ಬಹಳ ಕಡೆ ಒಂದು ಪರದೆಯಷ್ಟೇ ದಪ್ಪ. ಅದರಾಚೆ ಆನೆಯ ದಾರಿಗೆ ತೋಟ, ವಿದ್ಯುತ್ ಬೇಲಿ, ರಸ್ತೆ ಅಡ್ಡ ಬರುತ್ತವೆ. ಹಿಂದೆ ಹೋಗಲಾರದ ಆನೆ ಮುಂದೆ, ದಡಕ್ಕೆ, ನಮ್ಮ ಕ್ಯಾಮೆರಾದ ಎದುರಿಗೆ ಬಂದು ನಿಲ್ಲುತ್ತದೆ. ಮನೆಗೆ ಬೆಂಕಿ ಬಿದ್ದು ಜನವೆಲ್ಲ ಜಗಲಿಗೆ ಬಂದು ನಿಂತರೆ, ‘ಎಷ್ಟು ತುಂಬಿದ ಸಂಸಾರ’ ಎಂದು ಹೊಗಳುತ್ತೇವೆಯೇ?

ಒರಾಂಗುಟಾನಿನ ವಿಷಯ ಇನ್ನೂ ಮೋಸದ್ದು. ಅದು ಐವತ್ತು ವರ್ಷ ಬದುಕಬಲ್ಲ ಪ್ರಾಣಿ; ಹೆಣ್ಣು ಆರರಿಂದ ಎಂಟು ವರ್ಷಕ್ಕೊಮ್ಮೆ ಒಂದು ಮರಿ ಹಾಕುತ್ತದೆ. ಕಾಡು ಹೋದ ಮರುದಿನವೇ ಅದು ಮಾಯವಾಗುವುದಿಲ್ಲ. ಉಳಿದ ತುಂಡಿನಲ್ಲಿ ದಶಕಗಳ ಕಾಲ ಕಾಣುತ್ತಲೇ ಇರುತ್ತದೆ. ಅದಕ್ಕೆ ಈಜು ಬಾರದು. ಕೊಂಬೆಗೆ ಕೊಂಬೆ ತಾಗುವ ದೊಡ್ಡ ಮರಗಳಿದ್ದಾಗ ಉಪನದಿಗಳನ್ನು ಮೇಲಿಂದಲೇ ದಾಟುತ್ತಿತ್ತು. ಆ ಮರಗಳು ಹೋದ ಮೇಲೆ ಸುಕಾವಿನ ಸಂರಕ್ಷಣಾ ಕಾರ್ಯಕರ್ತರು ಅಗ್ನಿಶಾಮಕದವರ ಹಳೆಯ ನೀರಿನ ಪೈಪುಗಳನ್ನು ಹೆಣೆದು ಅಡ್ಡಲಾಗಿ ತೂಗುಸೇತುವೆ ಕಟ್ಟಿದ್ದಾರೆ. ದೋಣಿ ಅಂಥ ಒಂದರ ಅಡಿ ಹಾದಾಗ ಎಲ್ಲರೂ ‘ಹೌ ಕ್ಯೂಟ್’ ಎಂದರು. ನಾನೂ ನಕ್ಕೆ. ಕಟ್ಟಿದವರ ಕೆಲಸ ದೊಡ್ಡದು. ಆದರೆ ಕಾಡಿನ ಪ್ರಾಣಿಗೆ ಕಾಡಿನಲ್ಲಿ ಓಡಾಡಲು ರಬ್ಬರ್ ಪೈಪು ಬೇಕಾಗಿದೆ ಎಂಬುದು ನಗುವ ವಿಷಯವಲ್ಲ.

ಕಂಡದ್ದರ ಪಟ್ಟಿಗೆ ಇನ್ನೊಂದು ದೋಷವಿದೆ. ಇಲ್ಲದ್ದು ಅದರಲ್ಲಿ ಬರುವುದೇ ಇಲ್ಲ. ಮಲೇಷ್ಯಾದ ಕೊನೆಯ ಸುಮಾತ್ರಾ ಖಡ್ಗಮೃಗ ‘ಇಮಾನ್’ 2019ರ ನವೆಂಬರಿನಲ್ಲಿ ಇದೇ ಸಬಾದಲ್ಲಿ ಸತ್ತಿತು. ಯಾವ ಪ್ರವಾಸಿಯೂ ‘ಖಡ್ಗಮೃಗ ಕಾಣಲಿಲ್ಲ’ ಎಂದು ಬರೆದುಕೊಳ್ಳುವುದಿಲ್ಲ.

ಈ ಮಾತಿಗೆ ಗೆಳೆಯರು ಎತ್ತಿದ ಆಕ್ಷೇಪಗಳು ಗೊತ್ತಿವೆ. ‘ಪ್ರವಾಸಿಗರು ಬರುವುದರಿಂದಲೇ ಆ ಪರದೆಯಾದರೂ ಉಳಿದಿದೆ, ಅದನ್ನೂ ಬೇಡ ಎನ್ನುತ್ತೀಯಾ?’ ಎಂಬುದು ಮೊದಲನೆಯದು. ಅದು ಬಹುಪಾಲು ನಿಜ. ಬಾತು ಪುತೆ ಎಂಬಲ್ಲಿ ಊರಿನವರೇ ಸಹಕಾರ ಸಂಘ ಕಟ್ಟಿ, ಮನೆಗಳಲ್ಲಿ ಪ್ರವಾಸಿಗರನ್ನು ಇರಿಸಿಕೊಂಡು, ಅವರಿಂದ ಗಿಡವನ್ನೂ ನೆಡಿಸುತ್ತಾರೆ. ನಮ್ಮ ಗೈಡಿನ ಅನ್ನವೂ ದೋಣಿಯಿಂದಲೇ. ನಾನು ದೋಣಿ ನಿಲ್ಲಿಸಿ ಎನ್ನುತ್ತಿಲ್ಲ. ಉಳಿದ ಚೂರನ್ನು ಇಡೀ ಕಾಡು ಎಂದು ಮಾರುವುದನ್ನು ನಿಲ್ಲಿಸಿ ಎನ್ನುತ್ತಿದ್ದೇನೆ. ಕಾಡು ಸಮೃದ್ಧವಾಗಿದೆ ಎಂದು ನಂಬಿ ಮನೆಗೆ ಹೋದವರು ಅದಕ್ಕಾಗಿ ಯಾರನ್ನೂ ಏನನ್ನೂ ಕೇಳುವುದಿಲ್ಲ.

ಕೇಳಬೇಕಾದವರನ್ನು ಕೇಳದಿದ್ದರೆ ಭಾರ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಸುಕಾವೇ ಉದಾಹರಣೆ. ಅಲ್ಲಿ ನದಿಗೆ ಒಂದು ಸೇತುವೆ ಕಟ್ಟುವ ಯೋಜನೆಯಿತ್ತು. ಆನೆಗಳ ದಾರಿ ಕಡಿದುಹೋಗುತ್ತದೆ ಎಂದು ಡೇವಿಡ್ ಅಟೆನ್‌ಬರೊ ಸೇರಿ ಅನೇಕರು ವಿರೋಧಿಸಿದರು. 2017ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಆನೆಯ ದೃಷ್ಟಿಯಿಂದ ಸರಿಯಾದ ತೀರ್ಮಾನವೇ. ಆದರೆ ಸೇತುವೆ ಬೇಕೆಂದವರಲ್ಲಿ ಊರಿನವರೂ ಇದ್ದರು. ಸಬಾದ 1998ರ ಜಲಸಂಪನ್ಮೂಲ ಕಾಯ್ದೆ ನದಿ ದಡದಿಂದ 20 ಮೀಟರ್ ಬಿಡಬೇಕೆನ್ನುತ್ತದೆ. ತಾಳೆ ನೀರಿನವರೆಗೂ ಬಂದಿರುವುದನ್ನು ನಾನೇ ದೋಣಿಯಿಂದ ನೋಡಿದ್ದೇನೆ. ಸೇತುವೆ ಬೇಡವೆಂದು ಊರಿನವರಿಗೆ ಹೇಳುವುದಕ್ಕೆ ಲೋಕವೇ ಒಂದಾಯಿತು. ಒಂದು ಸಾಲು ತಾಳೆ ಹಿಂದಕ್ಕೆ ಸರಿಸಿ ಎನ್ನುವುದಕ್ಕೆ ಅಷ್ಟು ದೊಡ್ಡ ದನಿ ಕೇಳಲಿಲ್ಲ.

ಎರಡನೆಯ ಆಕ್ಷೇಪ: ‘ಹಾಗಾದರೆ ತಾಳೆಎಣ್ಣೆ ಬಿಟ್ಟುಬಿಡೋಣ.’ ಇದು ಸುಲಭದ ಮಾತು. ಒಂದು ಹೆಕ್ಟೇರಿನಲ್ಲಿ ಸೋಯಾ ಅಥವಾ ಸೂರ್ಯಕಾಂತಿಗಿಂತ ಹಲವು ಪಟ್ಟು ಎಣ್ಣೆ ಕೊಡುವ ಬೆಳೆ ತಾಳೆ. ಅದನ್ನು ಬಿಟ್ಟು ಅಷ್ಟೇ ಎಣ್ಣೆ ತಿನ್ನುತ್ತೇವೆಂದರೆ ಇನ್ನೆಲ್ಲೋ ಹೆಚ್ಚು ಭೂಮಿ ಬೇಕು. ಪ್ರಶ್ನೆ ಇರುವುದು ಎಲ್ಲಿ ಬೆಳೆಯುತ್ತಾರೆ, ಏನನ್ನು ಕಡಿದು ಬೆಳೆಯುತ್ತಾರೆ ಎಂಬುದರಲ್ಲಿ. ಇದನ್ನು ಕೇಳುವ ಹಕ್ಕು ಮತ್ತು ಹೊಣೆ ಬೇರೆ ಯಾರಿಗಿಂತಲೂ ನಮಗೆ ಹೆಚ್ಚು. ಲೋಕದಲ್ಲಿ ಅತಿ ಹೆಚ್ಚು ತಾಳೆಎಣ್ಣೆ ಆಮದು ಮಾಡಿಕೊಳ್ಳುವ ದೇಶ ಭಾರತ, ಅದರಲ್ಲಿ ಬಹುಪಾಲು ಬರುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಬೇಕರಿಯ ಪಫ್‌ನಲ್ಲಿ, ಅಂಗಡಿಯ ಚಿಪ್ಸಿನಲ್ಲಿ, ಸ್ನಾನದ ಸೋಪಿನಲ್ಲಿ ಅದಿದೆ. ಸಸ್ಯಾಹಾರ ಸಿಗುವುದೋ ಇಲ್ಲವೋ ಎಂದು ಅಮ್ಮ ಕಟ್ಟಿಕೊಟ್ಟಿದ್ದ ಬಿಸ್ಕತ್ತು ಪೊಟ್ಟಣವನ್ನು ಆ ವ್ಯಾನಿನಲ್ಲೇ ಒಡೆದೆ. ಹಿಂಬದಿಯ ಸಣ್ಣಕ್ಷರದಲ್ಲಿ ಮೈದಾ, ಸಕ್ಕರೆಯ ನಂತರ ಅದೇ ಹೆಸರು. ಹಸಿವಾಗಿತ್ತು, ತಿಂದೆ.

ಇದು ದೂರದ ದ್ವೀಪದ ಸಂಗತಿ ಮಾತ್ರ ಎಂದುಕೊಳ್ಳುವವರು ಕಬಿನಿ ಹಿನ್ನೀರಿನ ಬೋಟ್ ಸಫಾರಿಯನ್ನು ನೆನೆಯಬೇಕು. ಬೇಸಿಗೆಯಲ್ಲಿ ನೂರಾರು ಆನೆ ಅಲ್ಲಿ ಸೇರುವುದನ್ನು ನಾವು ನಿಸರ್ಗದ ಉತ್ಸವವೆಂದು ಬರೆಯುತ್ತೇವೆ. 1974ರ ಅಣೆಕಟ್ಟಿನ ನೀರು ಇಳಿದಾಗ ಚಿಗುರುವ ಹುಲ್ಲಿಗೆ ಬರುವ ಆನೆಗಳು ಅವು. ಹುಲ್ಲು ಚಿಗುರುವ ಆ ನೆಲ ಮುಳುಗಿದ ಕಾಕನಕೋಟೆ ಕಾಡಿನದು, ಎದ್ದುಹೋದ ಊರುಗಳದು. 2021ರಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ತಾಳೆಎಣ್ಣೆ ಯೋಜನೆ ತಂದಿದೆ. ಅದರ ವಿಶೇಷ ಗಮನ ಈಶಾನ್ಯ ರಾಜ್ಯಗಳು ಮತ್ತು ಅಂಡಮಾನಿನ ಮೇಲೆ. ಅವೂ ಮಳೆಕಾಡಿನ ನೆಲಗಳೇ. ಅಲ್ಲಿ ಕಾಡು ನದಿ ದಡದ ಪರದೆಯಷ್ಟಾದ ಮೇಲೆ ನಾವು ದೋಣಿ ಹತ್ತಿ ‘ಅಬ್ಬಾ’ ಎನ್ನಬೇಕೆ?

ಪ್ರವಾಸ ಕಥನ ಕನ್ನಡದಲ್ಲಿ ಹಗುರ ಪ್ರಕಾರವಲ್ಲ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕನ್ನಡ ಪುಸ್ತಕ ‘ಅಮೆರಿಕದಲ್ಲಿ ಗೊರೂರು’. ಇಂಥ ಪ್ರಕಾರದಲ್ಲಿ ಇವತ್ತು ಬರುವ ಬರಹಗಳನ್ನು ಸಂಶೋಧನೆಗಾಗಿ ಓದುವಾಗ ‘ಹಸಿರು ಸ್ವರ್ಗ’, ‘ಕನ್ಯೆ ಕಾಡು’ ಎಂಬ ಮಾತುಗಳ ಕೆಳಗೆ ಗೆರೆ ಎಳೆದು ಎಳೆದು ಪೆನ್ಸಿಲ್ ಸವೆದಿದೆ. ಕೇಳುವುದು ಇಷ್ಟೇ: ದೋಣಿಯ ಬಗ್ಗೆ ಬರೆಯುವವರು ವ್ಯಾನಿನ ಬಗ್ಗೆಯೂ ಬರೆಯಲಿ. ಬೆಂಗಳೂರಿನಲ್ಲಿ ಬೋರ್ನಿಯೊ ಪ್ಯಾಕೇಜ್ ಮಾರುವವರು ತೋಟದ ಅಂಚಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಇಲ್ಲಿ ಮೊದಲು ಏನಿತ್ತು ಎಂದು ಹೇಳಿಸಲಿ. ಹೋಗುವವರು ಗೈಡನ್ನು ‘ಆನೆ ಎಲ್ಲಿ’ ಎನ್ನುವುದರ ಜೊತೆಗೆ ‘ಈ ಮರಗಳ ಹಿಂದೆ ಏನಿದೆ’ ಎಂದೂ ಕೇಳಲಿ. ನಮ್ಮ ಹುಡುಗನಿಗೆ ಎಲ್ಲವೂ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ.

ಈ ಲೇಖನದ ಜೊತೆ ಹಾಕಲು ಒಂದು ಚಿತ್ರ ಕಳಿಸಿ ಎಂದು ಸಂಪಾದಕರು ಕೇಳಿದರು. ಆ ರಸ್ತೆಯದ್ದೇ ಕಳಿಸೋಣವೆಂದು ಫೋನಿನಲ್ಲಿ ಹುಡುಕಿದೆ. ಮುನ್ನೂರಕ್ಕೂ ಹೆಚ್ಚು ಫೋಟೊಗಳಿವೆ: ಕೋತಿ, ಮಂಗಟ್ಟೆ, ಆನೆ, ಲೈಫ್ ಜಾಕೆಟ್ ತೊಟ್ಟ ನಾನು. ತಾಳೆಯದ್ದು ಒಂದೂ ಇಲ್ಲ.