ಕುಲಾವಿ ಸರಿಸಿ ನೋಡಿ

‘ವ್ಯಾಕ್ಯೂಮ್ ಹಾಕಿ ತೆಗೆದ ಮಗು ಅಲ್ವಾ, ತಲೆ ಊದೇ ಊದುತ್ತೆ. ಎರಡು ದಿನಕ್ಕೆ ಇಳಿಯುತ್ತೆ ಬಿಡಿ.’ ಹೆರಿಗೆ ವಾರ್ಡಿನಲ್ಲಿ ಈ ಮಾತು ಹೇಳುವವರು ಎಷ್ಟೋ ಸಲ ಮಗುವಿನ ಕುಲಾವಿಯನ್ನು ಸರಿಸಿಯೂ ನೋಡಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಊತ ಇಳಿಯುವುದು ನಿಜ. ಆ ಧೈರ್ಯದ ಮೇಲೆಯೇ ಇಳಿಯದ ಊತವನ್ನೂ ಬಿಟ್ಟು ಕೂರುವುದು ಅನುಭವವಲ್ಲ, ಉಡಾಫೆ.

ಮೂರು ಕೆ.ಜಿ. ತೂಕದ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 250 ಮಿಲಿಲೀಟರ್. ನೆತ್ತಿಯ ಚರ್ಮದಡಿಯ ಪೊರೆಗೂ ಬುರುಡೆಗೂ ನಡುವೆ ಒಂದು ಸಡಿಲ ಜಾಗವಿದೆ; ಹುಬ್ಬಿನಿಂದ ಕತ್ತಿನ ಹಿಂಭಾಗದವರೆಗೆ ಅದಕ್ಕೆ ಅಡ್ಡಿಯೇ ಇಲ್ಲ. ವ್ಯಾಕ್ಯೂಮ್ ಕಪ್ಪಿನ ಎಳೆತಕ್ಕೆ ಅಲ್ಲಿನ ರಕ್ತನಾಳಗಳು ಹರಿದರೆ ಹೆಚ್ಚುಕಡಿಮೆ ಅಷ್ಟೂ ರಕ್ತ ಅಲ್ಲೇ ತುಂಬಿಕೊಳ್ಳಬಹುದು, ಹೊರಗೆ ಒಂದು ಹನಿಯೂ ಕಾಣದೆ. ಇದೇ ಸಬ್‌ಗೇಲಿಯಲ್ ರಕ್ತಸ್ರಾವ. ಅಪರೂಪ, ಆದರೆ ಕೊಲ್ಲುತ್ತದೆ.

ಗುರುತಿಸಲು ದುಬಾರಿ ಯಂತ್ರ ಬೇಡ, ಕೈ ಸಾಕು. ಮಾಮೂಲಿ ಊತ ಹುಟ್ಟಿದಾಗಲೇ ಇದ್ದು ಕ್ರಮೇಣ ತಗ್ಗುತ್ತದೆ. ಮೂಳೆಯ ಮೇಲ್ಪೊರೆಯಡಿ ಕಟ್ಟಿದ ರಕ್ತ ಆ ಒಂದು ಮೂಳೆಯ ಅಂಚು ದಾಟುವುದಿಲ್ಲ. ಸಬ್‌ಗೇಲಿಯಲ್ ರಕ್ತಸ್ರಾವ ಹಾಗಲ್ಲ: ಗಂಟೆಗಂಟೆಗೆ ಹರಡುತ್ತದೆ, ಬೆರಳಿಟ್ಟರೆ ತುಳುಕುತ್ತದೆ, ಮಗುವನ್ನು ಹೊರಳಿಸಿದ ಮಗ್ಗುಲಿಗೇ ಜಾರುತ್ತದೆ, ಕಿವಿಯನ್ನು ಹೊರಕ್ಕೆ ದಬ್ಬುತ್ತದೆ. ತಲೆಯ ಸುತ್ತಳತೆ ಒಂದು ಸೆಂಟಿಮೀಟರ್ ಹೆಚ್ಚಿತೆಂದರೆ ಸುಮಾರು 40 ಮಿಲಿಲೀಟರ್ ರಕ್ತ ಹೋಯಿತೆಂದು ತಿಳಿಯಬೇಕು. ಒಂದು ಟೇಪು, ಒಂದು ಪೆನ್ನು. ಅಷ್ಟಕ್ಕೂ ಪುರುಸೊತ್ತಿಲ್ಲವೇ?

ಇನ್ನು ‘ಹಿಮೋಗ್ಲೋಬಿನ್ ಚೆನ್ನಾಗಿದೆ’ ಎಂಬ ಸಮಾಧಾನ. ರಕ್ತ ಸುರಿಯತೊಡಗಿದ ಮೊದಲ ಗಂಟೆಗಳಲ್ಲಿ ಅದು ಚೆನ್ನಾಗಿಯೇ ಇರುತ್ತದೆ! ಬಿಳುಚಿದ ತುಟಿ, ಮಲಗಿದ್ದರೂ ನಿಮಿಷಕ್ಕೆ 160 ದಾಟಿದ ಎದೆಬಡಿತ, ಏದುಸಿರು, ಮೊಲೆ ಚೀಪದ ಬಾಯಿ ಇವನ್ನು ‘ಹೆರಿಗೆಯ ಸುಸ್ತು’ ಎಂದು ಬರೆದಿಟ್ಟು ಬೆಳಗಿನ ರೌಂಡ್ಸಿಗೆ ಕಾಯುವುದು ಅಕ್ಷಮ್ಯ. ಸಂಶಯ ಬಂದ ಗಳಿಗೆಯಲ್ಲೇ ಮಕ್ಕಳ ವೈದ್ಯರನ್ನು ಕರೆಯಿರಿ. ಡ್ರಿಪ್ ಹಾಕಿ, ರಕ್ತದ ಗುಂಪು ಮತ್ತು ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ಕಳಿಸಿ, ವಿಟಮಿನ್ ಕೆ ಕೊಟ್ಟಿದ್ದೀರಾ ನೋಡಿ, ರಕ್ತ ಮತ್ತು ಪ್ಲಾಸ್ಮಾ ತರಿಸಿ. ಮಗು ಕುಸಿಯುತ್ತಿದ್ದರೆ ಹೊಂದಿಸಿ ನೋಡುವ ವ್ಯವಧಾನವಿಲ್ಲ, ಓ ನೆಗೆಟಿವ್ ಕೊಡಿ. ಸೂಜಿ ಚುಚ್ಚಿ ಊತ ತೆಗೆಯಲು ಹೋಗಬೇಡಿ. ತಾಲ್ಲೂಕು ಆಸ್ಪತ್ರೆಯಾದರೆ ಮೊದಲೇ ಫೋನ್ ಮಾಡಿ, ಡ್ರಿಪ್ ಓಡುತ್ತಿರುವಂತೆಯೇ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಕಳಿಸಿ.

ತಪ್ಪು ಇದಕ್ಕಿಂತ ಮೊದಲೇ, ಲೇಬರ್ ರೂಮಿನಲ್ಲೇ ಶುರುವಾಗಿರುತ್ತದೆ. ಮೂರು ಬಾರಿ ಎಳೆದರೂ ತಲೆ ಇಳಿಯಲಿಲ್ಲ, ಎರಡು ಬಾರಿ ಕಪ್ ಕಳಚಿತು, ಆದರೂ ‘ಇನ್ನೊಂದೇ ಒಂದು ಸಲ’. ಆ ಹಟದ ಬೆಲೆ ತೆರುವುದು ಮಗು. ಎಷ್ಟು ಸಲ ಎಳೆದಿರಿ, ಕಪ್ ಎಷ್ಟು ಸಲ ಕಳಚಿತು ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯದಿದ್ದರೆ ಮುಂದಿನ ಪಾಳಿಯ ನರ್ಸಿಗೆ ಎಚ್ಚರಿಕೆ ಎಲ್ಲಿಂದ ಬರಬೇಕು?

ಮಗುವಿನ ಮನೆಯವರಿಗೂ ಒಂದು ಮಾತು. ಊದಿದ ತಲೆಗೆ ಎಣ್ಣೆ ಹಚ್ಚಿ ತಿದ್ದಲು ಅಜ್ಜಿಯ ಕೈಗೆ ಕೊಡಬೇಡಿ. ತಲೆಯ ಸುತ್ತಳತೆಯನ್ನು ಕೊನೆಯ ಸಲ ಎಷ್ಟು ಗಂಟೆಗೆ ಅಳೆದಿರಿ, ಎಷ್ಟಿತ್ತು ಎಂದು ವಾರ್ಡಿನಲ್ಲಿ ಕೇಳಿ. ಉತ್ತರ ಸಿಗುವವರೆಗೂ ಕೇಳಿ.