ತೊಟ್ಟಿಲ ಹರಕೆಯೂ ವೈದ್ಯರ ಪರೀಕ್ಷೆಯೂ

ವಿವಾಹವಾಗಿ ವರ್ಷ ತುಂಬುವ ಮೊದಲೇ ನಮ್ಮ ಕುಟುಂಬಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: “ವಿಶೇಷವೇನಾದರೂ ಉಂಟೋ?” ಪ್ರಶ್ನೆ ಸೊಸೆಗೆ, ಮಗನಿಗಲ್ಲ. ಅನಂತರ ನೊವೇನಾ, ಬಿಕರ್ನಕಟ್ಟೆಯ ಬಾಲಯೇಸುವಿನ ಸನ್ನಿಧಿ, ವೇಲಾಂಕಣಿಯಲ್ಲಿ ಕಟ್ಟುವ ತೊಟ್ಟಿಲು. ಇವು ವಿಶ್ವಾಸದ ಕಾರ್ಯಗಳು. ಇವನ್ನು ಲಘುವಾಗಿ ಕಾಣುವ ಉದ್ದೇಶ ನಮಗಿಲ್ಲ. ಆದರೆ ಹರಕೆ ಹೊರುವವಳೂ, ವೈದ್ಯರ ಮುಂದೆ ಒಂಟಿಯಾಗಿ ಕೂರುವವಳೂ, ‘ಬಂಜೆ’ ಎಂಬ ಮಾತನ್ನು ಕೇಳುವವಳೂ ಅವಳೊಬ್ಬಳೇ ಆಗಿರುವುದು ಅನ್ಯಾಯ. ದೇವಾಲಯದಲ್ಲಿ ಹನ್ನಳ ಮೌನ ಪ್ರಾರ್ಥನೆಯನ್ನು ಕಂಡ ಯಾಜಕ ಏಲಿಯು ಅವಳು ಕುಡಿದಿರುವಳೆಂದು ಭಾವಿಸಿದನು. ಯಾಜಕರಾದ ನಾವೂ ಆ ಪುಟವನ್ನು ಆಗಾಗ ತಿರುವುವುದು ಒಳಿತು.

ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಸಂತಾನಹೀನತೆ ಶಾಪವಲ್ಲ, ಒಂದು ವ್ಯಾಧಿ. ದಂಪತಿಗಳು ಹನ್ನೆರಡು ತಿಂಗಳು ಯಾವ ನಿಯಂತ್ರಣವೂ ಇಲ್ಲದೆ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕು. ಪತ್ನಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗೇ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಆರು ಮಂದಿಯಲ್ಲಿ ಒಬ್ಬರು ಜೀವಿತಕಾಲದಲ್ಲಿ ಈ ತೊಂದರೆಯನ್ನು ಅನುಭವಿಸುತ್ತಾರೆ.

‘ಕೂಡಿ ಬಾಳಿ’ ಎಂಬ ಮಾತನ್ನು ನಮ್ಮ ಕರಾವಳಿಯವರು ವಿಶೇಷವಾಗಿ ಗಮನಿಸಬೇಕು. ಪತಿ ದುಬೈಯಲ್ಲೋ ಕುವೈಟಿನಲ್ಲೋ ದುಡಿದು, ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಬರುತ್ತಾನೆ. ಸ್ತ್ರೀಯು ಗರ್ಭ ಧರಿಸಬಲ್ಲ ದಿನಗಳು ಒಂದು ಋತುಚಕ್ರದಲ್ಲಿ ಸುಮಾರು ಆರು ಮಾತ್ರ. ಐದು ವರ್ಷಗಳ ದಾಂಪತ್ಯದಲ್ಲಿ ಒಟ್ಟಿಗೆ ಕಳೆದದ್ದು ಐದು ತಿಂಗಳೂ ಇರಲಾರದು. ಅತ್ತೆಯ ಲೆಕ್ಕ ಮಾತ್ರ ಮದುವೆಯ ದಿನದಿಂದಲೇ ಓಡುತ್ತದೆ! ವಿವಾಹಪೂರ್ವ ಶಿಬಿರಗಳಲ್ಲಿ ಕಲಿಸುವ ಬಿಲ್ಲಿಂಗ್ಸ್ ವಿಧಾನವು ಮಕ್ಕಳ ನಡುವೆ ಅಂತರವಿಡುವುದಕ್ಕಷ್ಟೇ ಅಲ್ಲ, ಮಗುವನ್ನು ಪಡೆಯುವುದಕ್ಕೂ ನೆರವಾಗುತ್ತದೆಂಬುದನ್ನು ಹಲವರು ಮರೆತಿದ್ದಾರೆ.

ಇನ್ನು ಕಾರಣಗಳು. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ದೋಷವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಸರಳವಾದುದು, ಅಗ್ಗದ್ದು. ಹೀಗಿದ್ದರೂ ಪತ್ನಿಗೆ ಶಸ್ತ್ರಕ್ರಿಯೆ ಮಾಡಿಸಿದ ಬಳಿಕವೂ ಪತಿ ಈ ಪರೀಕ್ಷೆಗೆ ಒಪ್ಪದಿರುವುದುಂಟು. ಅದು ಪೌರುಷವಲ್ಲ, ಹೇಡಿತನ. ಮಾದರಿ ನೀಡುವ ವಿಧಾನದ ಬಗ್ಗೆ ಮನಃಸಾಕ್ಷಿಯ ಅಳುಕಿದ್ದರೆ ಧರ್ಮಗುರುವನ್ನು ಕೇಳಲಿ, ದಾರಿಯಿದೆ. ಸ್ತ್ರೀಯರಲ್ಲಿ ಥೈರಾಯ್ಡ್ ದೋಷ, ಅಂಡಾಶಯದ ತೊಂದರೆ ಮಾತ್ರವಲ್ಲದೆ ನಮ್ಮ ದೇಶದಲ್ಲಿ ಕ್ಷಯರೋಗವೂ ಸದ್ದಿಲ್ಲದೆ ಗರ್ಭನಾಳವನ್ನು ಮುಚ್ಚುವುದುಂಟು.

‘ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲವೇ?’ ಎಂದು ಕೇಳುವವರಿದ್ದಾರೆ. ಸಂತ ಥಾಮಸ್ ಅಕ್ವಿನಾಸರು ವೈದ್ಯನನ್ನು ಪ್ರಕೃತಿಯ ಸೇವಕನೆಂದು ಕಂಡರು. ಗುಣಪಡಿಸುವ ಶಕ್ತಿಯನ್ನು ಸೃಷ್ಟಿಕರ್ತನೇ ದೇಹದಲ್ಲಿ ಇಟ್ಟಿದ್ದಾನೆ. ವೈದ್ಯನು ಅದಕ್ಕೆ ಕೈಗೂಡಿಸುತ್ತಾನೆ. ರೋಮಿನ ವಿಶ್ವಾಸ ಪೀಠವು 1987ರಲ್ಲಿ ಹೊರಡಿಸಿದ ‘ದೋನುಮ್ ವೀತೇ’ ಬೋಧನೆಯೂ ಈ ಜಾಡಿನಲ್ಲಿಯೇ ಸಾಗುತ್ತದೆ. ದಾಂಪತ್ಯದ ಮಿಲನಕ್ಕೆ ನೆರವಾಗುವ ಚಿಕಿತ್ಸೆ ಸ್ವಾಗತಾರ್ಹ. ಅದರ ಸ್ಥಾನವನ್ನೇ ಆಕ್ರಮಿಸುವ ತಂತ್ರ ಸಲ್ಲದು. ಮುಚ್ಚಿದ ನಾಳವನ್ನು ತೆರೆಯುವ ಶಸ್ತ್ರಕ್ರಿಯೆ, ಅಂಡ ಬಲಿಯಲು ಕೊಡುವ ಔಷಧಿ, ಪುರುಷನ ಉಬ್ಬಿದ ರಕ್ತನಾಳದ ಚಿಕಿತ್ಸೆ ಇವೆಲ್ಲಕ್ಕೂ ಬಾಗಿಲು ತೆರೆದಿದೆ. ಪ್ರನಾಳ ಶಿಶು ವಿಧಾನ, ಅನ್ಯರ ವೀರ್ಯ ಅಥವಾ ಅಂಡದ ಬಳಕೆ, ಬಾಡಿಗೆ ತಾಯ್ತನ ಇವನ್ನು ಧರ್ಮಸಭೆ ಒಪ್ಪುವುದಿಲ್ಲ. ಮಗು ದಂಪತಿಗಳ ಪ್ರೀತಿಯಿಂದ ಹುಟ್ಟಬೇಕೇ ಹೊರತು ಪ್ರಯೋಗಾಲಯದಲ್ಲಿ ನಿರ್ಮಾಣವಾಗಬಾರದು; ಶೀತಲ ಪೆಟ್ಟಿಗೆಯಲ್ಲಿ ಉಳಿದುಬಿಡುವ ಭ್ರೂಣಗಳೂ ಜೀವಗಳೇ.

ಈ ಬೋಧನೆ ಹಲವರಿಗೆ ಕಠಿಣವೆನಿಸುತ್ತದೆಂಬುದನ್ನು ನಾವು ಬಲ್ಲೆವು. ಆದರೆ ಆ ವಿಧಾನದಿಂದ ಹುಟ್ಟಿದ ಮಗುವೂ ದೇವರ ವರವೆಂದು ಸ್ವೀಕರಿಸಬೇಕೆಂದು ಅದೇ ದಾಖಲೆ ಹೇಳುತ್ತದೆ. ಅಂಥ ತಂದೆತಾಯಿಯರು ಜ್ಞಾನಸ್ನಾನ ಕೇಳಲು ಹಿಂಜರಿಯಬೇಕಿಲ್ಲ. ನೆರೆಹೊರೆಯವರು ವಿಚಾರಣೆ ನಡೆಸಬೇಕಾಗಿಯೂ ಇಲ್ಲ.

ಎಲ್ಲ ಯತ್ನಗಳೂ ಫಲಿಸದೆ ಹೋಗಬಹುದು. ಸಂತಾನಹೀನತೆಯಿಂದ ವಿವಾಹ ಅಸಿಂಧುವಾಗುವುದಿಲ್ಲವೆಂದು ಧರ್ಮಸಭೆಯ ಕಾನೂನಿನ 1084ನೆಯ ವಿಧಿ ಸಾರುತ್ತದೆ. ‘ಬೇರೆ ಹೆಣ್ಣು ನೋಡೋಣ’ ಎನ್ನುವ ಹಿರಿಯರಿಗೆ ಇದನ್ನು ಓದಿ ಹೇಳಬೇಕು. ದತ್ತು ಸ್ವೀಕಾರದಲ್ಲಿಯೂ ಕಾಲ ಬದಲಾಗಿದೆ. ಹಿಂದೆ ಕ್ರೈಸ್ತ ದಂಪತಿಗಳು 1890ರ ಕಾಯಿದೆಯಡಿ ಪಾಲಕರಷ್ಟೇ ಆಗಬಹುದಿತ್ತು. 2015ರ ಬಾಲನ್ಯಾಯ ಕಾಯಿದೆಯಂತೆ ಇಂದು ಯಾವ ಮತದ ದಂಪತಿಗಳು ದತ್ತು ಪಡೆದರೂ ಆ ಮಗು ಎಲ್ಲ ಹಕ್ಕುಗಳೊಡನೆ ಅವರ ಮಗನೇ, ಮಗಳೇ.